ಮಾವನವರ ಟಾನಿಕ್

ಯರಗಟ್ಟಿ
೧೦ ಡಿಸೆಂಬರ್ ೨೦೦೩

ಪ್ರೀತಿಯ ಮಮ್ಮಿ,

ನೀನು ಅಜ್ಜಿಯಾಗುತ್ತೀ! ಇಷ್ಟು ದಿನ ಸುದ್ದಿ ಕೊಡದ್ದಕ್ಕೆ ಬೈಯಬೇಡ. ಫೋನು ಇರುವುದು ಪಡಸಾಲೆಯಲ್ಲಿ, ಅದರ ಪಕ್ಕದಲ್ಲೇ ಅತ್ತೆ. ಡಾಕ್ಟರು ಎಲ್ಲ ಸರಿಯಾಗಿದೆ ಎಂದಿದ್ದಾರೆ. ನಿನ್ನ ಅಳಿಯ ಕಲ್ಮೇಶ ನನಗೆಂದು ಬುಟ್ಟಿತುಂಬ ಪೇರಲ ತಂದಿದ್ದ, ಅವನಿಗೊಂದೂ ಉಳಿಸಲಿಲ್ಲ.

ಈಗ ಸಿಟ್ಟಿನ ಮಾತು. ಮಾವನವರ ಕಾಲಿಗೆ ಹೊಲದಲ್ಲಿ ಜಾಲಿಮುಳ್ಳು ನೆಟ್ಟು, ಕೀವಾಗಿ, ಮೊಣಕಾಲಿನವರೆಗೆ ಬಾತಿತ್ತು. ಚಳಿಜ್ವರಕ್ಕೆ ಮಂಚವೇ ನಡುಗುತ್ತಿತ್ತು. ದವಾಖಾನೆಗೆ ಹೋಗೋಣವೆಂದರೆ ಅತ್ತೆ, ಅಮಾವಾಸ್ಯೆ ಕಳೆಯಲಿ ಎಂದರು. ಕೀವಿಗೆ ಪಂಚಾಂಗ ಓದಲು ಬರುತ್ತದೆಯೇ ಮಮ್ಮಿ? ಕೊನೆಗೆ ಕರೆದೊಯ್ದಾಗ ಮಾತು ತೊದಲುತ್ತಿತ್ತು, ಬಿ.ಪಿ. ಪೂರಾ ಇಳಿದಿತ್ತು. ಸೋಂಕು ರಕ್ತಕ್ಕೆ ಸೇರಿದೆ ಎಂದ ಡಾಕ್ಟರು, ಇವರು ಕುಡಿಯುತ್ತಾರೆಯೇ ಎಂದು ಕೇಳಿದರು. ಅತ್ತೆ ಒಮ್ಮೆ ನನ್ನ ಮುಖ ನೋಡಿದರು.

"ಇಲ್ರಿ. ಸಂಜಿಮುಂದ ಟಾನಿಕ್ ಒಂದ್ ತಗೋತಾರ್ರಿ."

ಮನೆಯಲ್ಲಿ ಎಲ್ಲರೂ ಅದಕ್ಕೆ ಟಾನಿಕ್ ಎಂದೇ ಹೇಳುವುದು. ಹೊಸ ಸೊಸೆಯ ಮುಂದೆ ಹೆಂಡ ಎನ್ನುವುದು ಹೇಗೆ? ನಾನೂ ಮೊದಮೊದಲು ನಂಬಿದ್ದೆ. ಪೆದ್ದಿಯ ಹಾಗೆ ಒಂದು ಸಂಜೆ ಮಾವನವರಿಗೆ ಚಮಚ ಬೇರೆ ತಂದುಕೊಟ್ಟಿದ್ದೆ.

ಕಲ್ಮೇಶ ನೆಲ ನೋಡುತ್ತ ನಿಂತಿದ್ದ. ನಾನೇ ಹೇಳಿಬಿಟ್ಟೆ: "ಅದು ಟಾನಿಕ್ ಅಲ್ಲ ಡಾಕ್ಟರ್, ವಿಸ್ಕಿ. ದಿನಾ ಕುಡೀತಾರೆ."

ಡಾಕ್ಟರು ಅತ್ತೆಯತ್ತ ತಿರುಗಿದರು. "ಇದನ್ನ ಮೊದಲ ಹೇಳಬೇಕಿಲ್ಲೇನ್ರಿ? ತಡಾ ಮಾಡಿ ತಂದೀರಿ, ಮ್ಯಾಲ ಕುಡಿತ. ಇಂಥಾವ್ರಿಗೆ ಮೊದಲ ಕೈ ಕೊಡೋದು ಉಸಿರು."

ಸಲೈನು, ಆಂಟಿಬಯಾಟಿಕ್ ಹಚ್ಚಿ, ಉಸಿರಾಟದ ಯಂತ್ರವಿರುವ ಬೆಳಗಾವಿಯ ದವಾಖಾನೆಗೆ ಆಗಲೇ ಕಳಿಸಿದರು. ಅಲ್ಲಿ ಮುಟ್ಟಿದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿತು, ಉಸಿರು ನಿಂತೇಹೋಗುತ್ತಿತ್ತು. ಯಂತ್ರವಿದ್ದದ್ದಕ್ಕೆ ಉಳಿದರು. ಮೊನ್ನೆ ನಳಿಕೆ ತೆಗೆದಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ.

ನನಗೆ ಯಾರ ಥ್ಯಾಂಕ್ಸೂ ಬೇಡ. ಆದರೆ ನೋಡಲು ಬಂದ ನೆಂಟರಿಗೆಲ್ಲ ಅತ್ತೆ ಹೇಳುವುದೇನು ಗೊತ್ತೇ? ಮುಳ್ಳಿನಿಂದ ಬರೀ ಜ್ವರ ಬಂತಂತೆ, ಮಾನ ಹೋದದ್ದು ಸೊಸೆಯಿಂದಂತೆ. ಅಮಾವಾಸ್ಯೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಪಪ್ಪನಿಗೆ ನಮಸ್ಕಾರ. ನಿನ್ನ ಆಶೀರ್ವಾದ ನನ್ನ ಮೇಲೂ, ಹೊಟ್ಟೆಯಲ್ಲಿರುವ ಪುಟಾಣಿಯ ಮೇಲೂ ಇರಲಿ.

ನಿನ್ನ
ಉಮಾಶ್ರೀ

ತಾ.ಕ.: ಬಸಿರಿಯನ್ನು ಇಲ್ಲಿ ತವರಿಗೆ ಕಳಿಸುವುದು ಏಳನೆಯ ತಿಂಗಳಲ್ಲಿ, ಕುಬಸ ಎಂಬ ಸೀಮಂತ ಮಾಡಿ. ನನಗೆ ಈಗ ಮೂರು. ಆದರೂ ಅತ್ತೆ ನನ್ನ ಸೀರೆಗಳನ್ನೆಲ್ಲ ಮಡಚಿ ಸೂಟ್‌ಕೇಸಿಗೆ ತುಂಬಿದ್ದಾರೆ. "ತವರಮನಿಗೆ ಹೋಗಿ ಬಾಯಿ ಮುಚ್ಚೋದು ಕಲ್ತು ಬಾ" ಎಂದರು. ಕಲ್ಮೇಶ ಎದುರಾಡುತ್ತಾನೆಂದು ಕಾದೆ. ಅವನು ಸುಮ್ಮನೆ ಹೋಗಿ ಟಿಕೆಟ್ ತಂದ, ಒಂದೇ ಒಂದು. ಪಪ್ಪನನ್ನು ಸ್ಟೇಷನ್ನಿಗೆ ಕಳಿಸು ಮಮ್ಮಿ. ಭಾನುವಾರ ಬೆಳಿಗ್ಗೆ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್.