ಅಕ್ಕ ಮರೆತ ಮಾತು

ನವೆಂಬರ್ ೧೪, ರಾತ್ರಿ

ಅಕ್ಕನ ಆ ಸಿನಿಮಾ ನೋಡುವುದೇ ಇಲ್ಲ ಎಂದು ಹಟ ಹಿಡಿದವಳು ನಾನೇ, ಇವತ್ತು ಹೋಗಿ ಕೂತವಳೂ ನಾನೇ. ನಾಟಕವನ್ನೂ ನನ್ನನ್ನೂ ಬಿಟ್ಟು ಸಿನಿಮಾ ಸೇರಿದ ಅಕ್ಕನ ಜೊತೆ ಮಾತು ಬಿಟ್ಟು ವರ್ಷಗಳಾದವು. ಪರದೆಯ ಮೇಲೆ ನೋಡಿದರೆ ಅವಳದು ಮತ್ತೆ ನಾಟಕದವಳದೇ ಪಾತ್ರ! ನಮ್ಮ ಹಳೆಯ ನಾಟಕದ್ದೇ ದೃಶ್ಯ. ನಡುವೆ ಮಾತು ಮರೆತು ಎಡಗಡೆಯ ಸೈಡ್‌ವಿಂಗಿನತ್ತ ನೋಡಿದಳು. ಆಗೆಲ್ಲ ಅಲ್ಲಿ ಮರೆಯಲ್ಲಿ ನಿಂತು ಅವಳಿಗೆ ಮಾತು ಹೇಳಿಕೊಡುತ್ತಿದ್ದವಳು ನಾನು.

“ದೀಪ ಇನ್ನೂ ಆರಿಲ್ಲ, ಬಾ,” ಎಂದು ಕತ್ತಲಲ್ಲಿ ಪಿಸುಗುಟ್ಟಿದೆ. ಅಕ್ಕ ಅದನ್ನೇ ಹೇಳಿದಳು.

“ಸುಮ್ನಿರ್ರೀ, ನಿಮಗೆ ಕತೆ ಮೊದಲೇ ಗೊತ್ತಾ?” ಎಂದು ಪಕ್ಕದವನು ಗದರಿದ.

ಆಗಿನಿಂದ ತೇಲುತ್ತಲೇ ಇದ್ದೇನೆ. ಮಂಚವೂ ರಂಗದ ಹಲಗೆಯಂತೆ ಕಿರುಗುಟ್ಟುತ್ತಿದೆ. ನಾಳೆ ಫೋನ್ ಮಾಡಬೇಕು. ಹಲೋ ಎಂದಮೇಲೆ ಅವಳಿಗೆ ಮಾತು ತೋಚದಿದ್ದರೆ ನಾನಿದ್ದೇನಲ್ಲ, ಹೇಳಿಕೊಡಲು. ನನಗೇ ತೋಚದಿದ್ದರೆ…