ಹದಿನೆಂಟು ನಿಮಿಷ, ಎಂಬತ್ತನಾಲ್ಕು ಮೀಟರ್

ಜನವರಿ 6, ಸೋಮವಾರ. ಬೆಳಿಗ್ಗೆ 6.15

ಬೋರ್ಡ್ ಒರೆಸಿ ಮತ್ತೆ ಬರೆದೆ. ನಾಲ್ಕನೆಯ ಸಲ. ಮುಳುಗಿದ ಹಡಗು ಮಲಗಿರುವ ಆಳ ಎಂಬತ್ತನಾಲ್ಕು ಮೀಟರ್. ತಳದಲ್ಲಿ ಹದಿನೆಂಟು ನಿಮಿಷ. ಮೇಲೆ ಬರಲು ಎರಡು ಗಂಟೆ ಹತ್ತು ನಿಮಿಷ — ಅಲ್ಲಲ್ಲಿ ನಿಂತು, ಮೈಯಲ್ಲಿ ಕರಗಿದ ಗಾಳಿಯನ್ನು ಸ್ವಲ್ಪಸ್ವಲ್ಪವೇ ಹೊರಗೆ ಬಿಡುತ್ತ. ಅವಸರ ಮಾಡಿದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಎಡಗಾಲು ತೋರಿಸುತ್ತೇನೆ.

ಅಂಡಮಾನಿನಲ್ಲಿ ಹನ್ನೊಂದು ವರ್ಷ ಡೈವಿಂಗ್ ಕಲಿಸಿದೆ. ಎರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಗಾಬರಿಬಿದ್ದು ಮೇಲಕ್ಕೆ ಹಾರಿದ. ಹಿಡಿಯಲು ಹಿಂದೆಯೇ ಹೋದೆ. ಅವನಿಗೆ ಏನೂ ಆಗಲಿಲ್ಲ. ನನ್ನ ಬೆನ್ನುಹುರಿಯಲ್ಲಿ ಗಾಳಿಯ ಗುಳ್ಳೆ ಸೇರಿತು, ಎಡಗಾಲಿನ ಬಲ ಹೋಯಿತು. ಈಜುಕೊಳಕ್ಕೂ ಸಿಲಿಂಡರ್ ಕಟ್ಟಿಕೊಂಡು ಇಳಿಯಬೇಡಿ ಅಂದರು ಡಾಕ್ಟರ್.

ಸರಿ. ಇಳಿಯುವುದಿಲ್ಲ. ಇಳಿಸುತ್ತೇನೆ.

ಇಳಿಯುವವರು ಇಬ್ಬರು. ಹರಪನಹಳ್ಳಿಯ ಪ್ರವೀಣಕುಮಾರ್, ನೌಕಾಪಡೆಯ ಡೈವರ್, ಈಗ ನಿವೃತ್ತ. ಕೂಡ್ಲಿಗಿಯ ಅಂಜಿನೇಯಲು, ಅಂಡಮಾನಿನಲ್ಲಿ ನನ್ನ ಹತ್ತಿರವೇ ಕಲಿತವನು, ಮಾತು ಕಡಿಮೆ. ಆಫೀಸು ಎಂದರೆ ಕೊಟ್ಟೂರಿನಲ್ಲಿ ನನ್ನ ಅಣ್ಣ ಸೋಮಶೇಖರನ ಶೇಂಗಾ ಮಿಲ್ಲಿನ ಹಿಂದಿನ ಗೋದಾಮು. ಒಂದು ಗೋಡೆಗೆ ಅವನ ಚೀಲ, ಇನ್ನೊಂದು ಗೋಡೆಗೆ ನನ್ನ ಸಿಲಿಂಡರ್. ಹತ್ತಿರದ ಸಮುದ್ರಕ್ಕೆ ಬಸ್ಸಿನಲ್ಲಿ ಒಂದು ಹಗಲು ಬೇಕು. ಹಮಾಲರು ನಗುತ್ತಾರೆ. ನಗಲಿ.

ಹೀಲಿಯಂ ಇನ್ನೂ ಬಂದಿಲ್ಲ. ಆ ಆಳದಲ್ಲಿ ಬರೀ ಗಾಳಿ ಉಸಿರಾಡಿದರೆ ಕುಡಿದವರಂತೆ ತಲೆ ತಿರುಗುತ್ತದೆ. ಹೀಲಿಯಂ ಬೆರೆಸಲೇಬೇಕು. ಮತ್ತೆ ಫೋನ್ ಮಾಡಬೇಕು.

ಜನವರಿ 9, ಗುರುವಾರ

ಕರಿಯಕ್ಕ ಬಂದಿದ್ದಳು. ಎಂಬತ್ತೆರಡು ವರ್ಷ. ಕೂಡ್ಲಿಗಿ ಹತ್ತಿರದ ಹಳ್ಳಿಯಿಂದ ಒಬ್ಬಳೇ ಬಸ್ಸು ಹತ್ತಿ. ಒಳಗೆ ಬಾ ಅಂದರೂ ಗೋದಾಮಿನ ಮೆಟ್ಟಿಲ ಮೇಲೆ ಕೂತಳು. ನಾನೂ ಅಲ್ಲೇ ಕೂತೆ.

ಈ ಹುಡುಕಾಟ ಶುರುವಾದದ್ದೇ ಇವಳಿಂದ. ಅಪ್ಪ ಎರ್ರೆಪ್ಪ 1942ರಲ್ಲಿ ಮಿಲಿಟರಿಯವರ ಕೂಲಿಗೆಂದು ಮುಂಬಯಿಗೆ ಹೋದ. ಇವಳು ಆಗ ಹೊಟ್ಟೆಯಲ್ಲಿ. ಜ್ವರ ಬಂದು ಊರಿಗೆ ವಾಪಸಾದ ಒಬ್ಬನ ಕೈಯಲ್ಲಿ ಚೀಟಿ ಕಳಿಸಿದ್ದ, ಯಾರಿಂದಲೋ ಬರೆಸಿ — ನಾಳೆ ಆರ್ಡನ್‌ವೇಲ್ ಎಂಬ ಹಡಗಿನಲ್ಲಿ ನಮ್ಮನ್ನೆಲ್ಲ ಸಿಲೋನಿಗೆ ಕರೆದೊಯ್ಯುತ್ತಾರೆ. ಮುಂದೆ ಸುದ್ದಿ ಇಲ್ಲ. ಮುಂಬಯಿಯಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಊರು ಆಡಿಕೊಂಡಿತು. ಕರಿಯಕ್ಕನ ಅವ್ವ ಆ ಮಾತು ಕೇಳುತ್ತಲೇ ಸತ್ತಳು.

ಯುದ್ಧಕಾಲದ ಸರ್ಕಾರಿ ದಾಖಲೆ ಹೇಳುವುದೇ ಬೇರೆ. ಆರ್ಡನ್‌ವೇಲ್ ಏಡನ್ನಿಗೆ ಹೊರಟಿತ್ತು, ಪಶ್ಚಿಮಕ್ಕೆ. ನಡುಕಡಲಲ್ಲಿ ಟಾರ್ಪೆಡೊ ತಗುಲಿ ಮುಳುಗಿತು. ಹಡಗಿನಲ್ಲಿ ಸರಕು ಮಾತ್ರ, ಕೂಲಿಗಳು ಇರಲಿಲ್ಲ.

ಹಾಗಾದರೆ ನಮ್ಮ ಕರಾವಳಿಯಿಂದ ನಲವತ್ತೈದು ಮೈಲಿ ದೂರದಲ್ಲಿ, ಮುಂಬಯಿಯಿಂದ ಸಿಲೋನಿಗೆ ಹೋಗುವ ದಾರಿಯಲ್ಲಿ ಮಲಗಿರುವ ಈ ಹಡಗು ಯಾವುದು? ಆರ್ಡನ್‌ವೇಲ್ ಎಂದಾದರೆ ಚೀಟಿ ನಿಜ. ದಾಖಲೆ ಸುಳ್ಳು.

ಶಬ್ದದ ಅಲೆಯಿಂದ ತೆಗೆದ ಸೋನಾರ್ ಚಿತ್ರ ತೋರಿಸಿದೆ. ಬೆರಳಿನಿಂದ ಮುಟ್ಟಿ ನೋಡಿದಳು.

"ನಮ್ಮಪ್ಪ ಓಡಿ ಹೋಗಿಲ್ಲವ್ವಾ. ಹಡಗ ಹತ್ಯಾನ. ಈ ಮಾತು ನಮ್ಮೂರಾಗ ನಿಂತು ಹೇಳಬೇಕು ನಾನು."

ಜನವರಿ 19, ಭಾನುವಾರ. ಹಂಪಸಾಗರ

ತುಂಗಭದ್ರೆಯ ಹಿನ್ನೀರಿನಲ್ಲಿ ಅಭ್ಯಾಸ. ಆಳ ಹೆಚ್ಚಿಲ್ಲ, ಆದರೆ ಕೆಳಗೆ ಅಂಗೈ ಕಾಣುವುದಿಲ್ಲ. ನನಗೆ ಬೇಕಾದದ್ದೂ ಅದೇ. ಹಳೇ ಬಲೆ ಇಳಿಬಿಟ್ಟು ಅದರೊಳಗೆ ಸಿಕ್ಕಿಹಾಕಿಕೊಳ್ಳಿ ಅಂದೆ. ಒಬ್ಬ ಸಿಕ್ಕಿಕೊಳ್ಳಬೇಕು, ಇನ್ನೊಬ್ಬ ಬಿಡಿಸಬೇಕು. ಕಾಣದೆ, ಕೈ ತಡವಿ.

ಪ್ರವೀಣ್ ಮೊದಲ ಮೂರು ಸಲವೂ ಅವಸರ ಮಾಡಿದ. ಬಲೆಯ ಜೊತೆ ಅಂಜಿನೇಯಲುವಿನ ಉಸಿರಿನ ಕೊಳವೆಯನ್ನೂ ಕೊಯ್ಯುವುದರಲ್ಲಿದ್ದ. ನಾಲ್ಕನೆಯ ಸಲ, ಐದನೆಯ ಸಲ... ಹನ್ನೊಂದು ಸಲ ಮಾಡಿಸಿದೆ. ನೇವಿಯಲ್ಲೂ ಇಷ್ಟು ಗೋಳು ಇರಲಿಲ್ಲ ಎಂದ. ಇದು ನೇವಿ ಅಲ್ಲ ಎಂದೆ.

ದಡದಲ್ಲಿ ಜನ ಸೇರಿತ್ತು. ಹೆಣ ಹುಡುಕುತ್ತಿದ್ದೇವೆ ಎಂದುಕೊಂಡಿದ್ದಾರೆ. ಒಬ್ಬ ಪೊಲೀಸ್ ಬೈಕಿನಲ್ಲಿ ಬಂದು ಯಾರದು, ಯಾವೂರಿನವರು ಎಂದು ಕೇಳಿದ. ಅನುಮತಿ ಪತ್ರ ತೋರಿಸಿದೆ. ಓದಿ, ಮತ್ತೆ ಕೇಳಿದ — ಹೆಣ ಯಾರದ್ರಿ ಮೇಡಂ? ಗೊತ್ತಿಲ್ಲ, ಅದನ್ನೇ ತಿಳಿಯಬೇಕು ಅಂದೆ. ಸುಳ್ಳೇನೂ ಹೇಳಲಿಲ್ಲ.

ಎಲ್ಲರಿಗೂ ಒಂದೇ ನಿಯಮ. ಯಾರು ಬೇಡ ಅಂದರೂ ಬೇಡ. ಯಾಕೆ ಎಂದು ಆಮೇಲೆ ಕೇಳಬಹುದು, ಆಗ ಅಲ್ಲ.

ಫೆಬ್ರವರಿ 3, ಸೋಮವಾರ

ಟಿವಿ ಚಾನೆಲ್‌ನವನ ಫೋನ್. ದೊಡ್ಡ ಬೋಟು ಕೊಡುತ್ತೇವೆ ಎಂದು ಒಪ್ಪಿಕೊಂಡವರು ಇವರೇ. ಇವತ್ತು ಷರತ್ತುಗಳು ಹೊರಬಿದ್ದವು. ಹಡಗಿನ ಗಂಟೆ ಮೇಲೆ ತರಬೇಕು. ಮೂಳೆ ಇದ್ದರೆ ಹತ್ತಿರದಿಂದ ಶೂಟ್ ಮಾಡಬೇಕು. ದಿನ ಅವರೇ ಗೊತ್ತು ಮಾಡುತ್ತಾರೆ, ಆವತ್ತು ಇಳಿಯಲೇಬೇಕು.

ಅದು ಮಸಣ, ಗೋದಾಮಲ್ಲ ಎಂದೆ. ಏನನ್ನೂ ಮುಟ್ಟುವುದಿಲ್ಲ, ತರುವುದಿಲ್ಲ. ದಿನ ಗೊತ್ತು ಮಾಡುವುದು ಸಮುದ್ರ, ನೀವಲ್ಲ. ಸೆಂಟಿಮೆಂಟ್ ಬಿಡಿ ಮೇಡಂ ಅಂದ. ಫೋನ್ ಇಟ್ಟೆ.

ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಬೋಟು ಯಾರು ಕೊಡುತ್ತಾರೆ ಈಗ ಎಂದ. ಗೊತ್ತಿಲ್ಲ ಅಂದೆ. ಅತ್ತಿಗೆ ರಮಾ ಒಳಗಿನಿಂದ, ಊಟಕ್ಕೆ ಬರ್ರಿ, ಬೋಟು ಆಮ್ಯಾಲೆ ನೋಡೂಣಂತ ಎಂದಳು.

ಫೆಬ್ರವರಿ 5

ಸಿಕ್ಕಿತು. ಆ ಜಾಗದಲ್ಲಿ ಮೂರು ಸಲ ಬಲೆ ಕಳೆದುಕೊಂಡ ತಾಂಡೇಲ, ಮೀನುಬೋಟಿನ ಯಜಮಾನ — ನಮಗೆ ಜಾಗ ತೋರಿಸಿದವನೂ ಅವನೇ — ತನ್ನ ಬೋಟನ್ನೇ ತರುತ್ತೇನೆ ಎಂದ. ನನ್ನ ಬಲೆ ತಿನ್ನುತ್ತಿರುವುದು ಏನು ಎಂದು ನನಗೂ ಗೊತ್ತಾಗಬೇಕಲ್ಲ ಅಂದ. ಬೋಟು ಚಿಕ್ಕದು. ಬೋರ್ಡ್ ಒರೆಸಿದೆ. ಮತ್ತೆ ಮೊದಲಿನಿಂದ.

ಫೆಬ್ರವರಿ 21, ಶುಕ್ರವಾರ. ಸಮುದ್ರದ ಮೇಲೆ

ಇಳಿಯಲಿಲ್ಲ.

ಬೆಳಿಗ್ಗೆ ಏಳಕ್ಕೆ ಜಾಗ ತಲುಪಿದೆವು. ಭಾರ ಕಟ್ಟಿದ ಹಗ್ಗ ಕೆಳಗೆ ಬಿಟ್ಟೆವು. ಇಳಿಯುವವರು ಅದನ್ನೇ ಹಿಡಿದು ಹೋಗಬೇಕು, ಅದನ್ನೇ ಹಿಡಿದು ಬರಬೇಕು. ಹಗ್ಗ ನೇರ ನಿಲ್ಲಲಿಲ್ಲ. ಒಳಸೆಳೆತಕ್ಕೆ ಬಾಗಿತು. ಅದರ ಮೇಲ್ತುದಿಯಲ್ಲಿ ತೇಲುತ್ತಿದ್ದ ಬೋಯಾ ಅರ್ಧ ಮುಳುಗಿತು. ಇಬ್ಬರೂ ಎಲ್ಲ ಕಟ್ಟಿಕೊಂಡು ಅಂಚಿನಲ್ಲಿ ಕೂತಿದ್ದರು. ಒಂದು ಗಂಟೆ ಕಾದೆ. ಬೇಡ ಅಂದೆ.

ಅಂಜಿನೇಯಲು ಸುಮ್ಮನೆ ಬೆಲ್ಟು ಬಿಚ್ಚಿದ. ಪ್ರವೀಣ್ ಬಿಚ್ಚಲಿಲ್ಲ. ಇಂಥ ಸೆಳೆತದಲ್ಲಿ ಎಷ್ಟೋ ಸಲ ಇಳಿದಿದ್ದೇನೆ ಅಂದ. ಆಮೇಲೆ ಎಲ್ಲರ ಮುಂದೆ —

"ನಿಮಗೆ ಇಳಿಯಕ್ಕೆ ಆಗಲ್ಲ ಮೇಡಂ. ಅದಕ್ಕೇ ನಮ್ಮನ್ನೂ ಇಳಿಸ್ತಿಲ್ಲ."

ತಾಂಡೇಲ ಬೇರೆ ಕಡೆ ನೋಡಿದ.

"ಹೌದು, ನನಗ ಇಳಿಯಾಕ ಆಗೂದಿಲ್ಲ. ಆದ್ರ ಹಗ್ಗದ ಈ ತುದಿ ನನ್ನ ಕೈಯಾಗೈತಿ. ಬಿಚ್ಚು."

ಬಿಚ್ಚಿದ. ದಡದಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇ ಹೋದ.

ಫೆಬ್ರವರಿ 22

ಇವತ್ತು ಲಾಡ್ಜಿನ ಕೋಣೆಯಲ್ಲಿ ಪ್ರವೀಣನ ಸಿಲಿಂಡರ್ ಜೋಡಿಯನ್ನು ನನ್ನ ಬೆನ್ನಿಗೆ ಹಾಕಿಕೊಂಡೆ. ಎಲ್ಲ ಬಕಲ್ ಬಿಗಿದೆ. ಕನ್ನಡಿಯ ಮುಂದೆ ನಿಂತೆ. ಎಡಗಾಲು ನಡುಗಿತು, ಆದರೂ ನಿಂತೆ. ಅಂಜಿನೇಯಲು ಮತ್ತು ನಾನು. ಆಗುತ್ತದೆ. ಹದಿನೆಂಟು ನಿಮಿಷ ತಾನೇ...

ಬಿಚ್ಚಿಟ್ಟೆ. ಡಾಕ್ಟರ್ ಮಾತಿಗೆ ಹೆದರಿ ಅಲ್ಲ. ನಾನು ಕೆಳಗೆ ಹೋದರೆ, ಮೇಲೆ ನಿಂತು ಬೇಡ ಎನ್ನುವವರು ಯಾರೂ ಇರುವುದಿಲ್ಲ.

ಆಮೇಲೆ ಅತ್ತುಬಿಟ್ಟೆ. ಬರೆದಿಟ್ಟಿರುತ್ತೇನೆ, ಯಾರೂ ಓದುವುದಿಲ್ಲವಲ್ಲ.

ಮಾರ್ಚ್ 12, ಬುಧವಾರ

ಪ್ರವೀಣ್ ಹರಪನಹಳ್ಳಿಯಿಂದ ರೈಲಿಗೆ ಬಂದ. ಸ್ಟೇಷನ್ನಿನಿಂದ ನಡೆದುಕೊಂಡೇ ಗೋದಾಮಿಗೆ. ಕ್ಷಮಿಸಿ ಗಿಮಿಸಿ ಏನಿಲ್ಲ. ಬೋರ್ಡಿನ ಮೇಲಿನ ಲೆಕ್ಕವನ್ನೆಲ್ಲ ಓದಿದ. ಆಮೇಲೆ ಹೇಳಿದ — ನೇವಿಯಲ್ಲಿ ಒಂದು ಸಲ ಬೇಡ ಅನ್ನಬೇಕಿತ್ತು, ಮೇಲಿನವರು ಅನ್ನಲಿಲ್ಲ, ಗೆಳೆಯನೊಬ್ಬ ಉಳಿಯಲಿಲ್ಲ. ಮನೆಗೆ ಹೋದ ಮೇಲೆ ಅದೇ ನೆನಪಾಗುತ್ತಿತ್ತಂತೆ.

ಸೀಮೆಸುಣ್ಣ ಕೊಟ್ಟೆ. ಹಗ್ಗದ ಭಾರ ಎರಡು ಪಟ್ಟು ಮಾಡೋಣ ಎಂದು ಬರೆದ. ನಾನು ಯೋಚಿಸಿರಲಿಲ್ಲ. ಒಪ್ಪಿದೆ.

ಮೂರು ಪ್ಲಾನ್ ಬರೆದೆವು. ತಳದಲ್ಲಿ ಹದಿನೆಂಟು ನಿಮಿಷಕ್ಕೆ ಒಂದು, ಇಪ್ಪತ್ತೊಂದಕ್ಕೆ ಒಂದು, ಇಪ್ಪತ್ನಾಲ್ಕಕ್ಕೆ ಒಂದು. ಮೂರನೆಯದು ಬೇಕಾಗುವುದಿಲ್ಲ ಎಂದ ಅಂಜಿನೇಯಲು. ಇವನು ಬಾಯಿ ತೆಗೆಯುವುದೇ ಅಪರೂಪ, ತೆಗೆದರೆ ಇಂಥದ್ದು.

ಮಾರ್ಚ್ 27, ಗುರುವಾರ. ಬೆಳಿಗ್ಗೆ 7.05

ಇಳಿದರು. ಹಗ್ಗ ನೇರ. ನೀರು ನೀಲಿ.

7.23 — ಈಗ ತಳ ಬಿಡಬೇಕು. ಬಿಟ್ಟ ಐದು ನಿಮಿಷಕ್ಕೆ ಕಿತ್ತಳೆ ಬಣ್ಣದ ಬಲೂನು ಮೇಲೆ ಕಳಿಸಬೇಕು.

7.28 — ಇಲ್ಲ.

7.30 — ಇಲ್ಲ. ತಾಂಡೇಲ ಬೀಡಿ ಹಚ್ಚಿ ಹಾಗೇ ಹಿಡಿದುಕೊಂಡಿದ್ದಾನೆ.

7.31 — ಮೂರನೆಯ ಕಾಗದ ತೆಗೆದೆ. ಹೆಚ್ಚಿನ ಸಿಲಿಂಡರ್ ಎರಡನ್ನು ಹಗ್ಗಕ್ಕೆ ಕಟ್ಟಿ, ಬರುವಾಗ ಅವರು ನಿಲ್ಲುವ ಇಪ್ಪತ್ತೊಂದು ಮೀಟರಿಗೆ ಇಳಿಬಿಟ್ಟೆ.

7.34 — ಬಂತು. ಕಿತ್ತಳೆ. ಅದಕ್ಕೆ ಕಟ್ಟಿದ ಪುಟ್ಟ ಹಲಗೆ — ಇಬ್ಬರೂ ಸರಿ. ತಳದಲ್ಲಿ 24.

ಇನ್ನು ಎರಡೂಮುಕ್ಕಾಲು ಗಂಟೆ ಕಾಯಬೇಕು. ಕಾಯುತ್ತೇನೆ.

ಮಧ್ಯಾಹ್ನ 1.00

ಇಬ್ಬರೂ ಮಲಗಿದ್ದಾರೆ. ಮೈ ಸರಿ, ಕಾಲು ಸರಿ, ಸ್ಪರ್ಶ ಇದೆಯೇ ಎಂದು ಸೂಜಿ ಚುಚ್ಚಿಯೂ ನೋಡಿದೆ.

ಕೆಳಗೆ ಅಂಜಿನೇಯಲು ಬಲೆಗೆ ಸಿಕ್ಕಿಕೊಂಡ. ಬೆನ್ನ ಹಿಂದೆ. ಪ್ರವೀಣ್ ಬಿಡಿಸಿದ, ಒಂದೊಂದೇ ಎಳೆ ಕೊಯ್ದು, ಆರು ನಿಮಿಷ ತೆಗೆದುಕೊಂಡು. ಕಣ್ಣು ಮುಚ್ಚಿಕೊಂಡಿದ್ದೆ ಮೇಡಂ, ಹಿನ್ನೀರಲ್ಲಿ ಮಾಡಿದ ಹಂಗೇ ಮಾಡಿದೆ ಎಂದ.

ಕ್ಯಾಮೆರಾ ನೋಡಿದೆವು. ಮುಂಭಾಗದ ಉಕ್ಕಿನ ಮೇಲೆ ಇಂಗ್ಲಿಷ್ ಅಕ್ಷರಗಳು. ಮೊದಲಿನವು ಹವಳದ ಕೆಳಗೆ. ನಡುವಿನ ನಾಲ್ಕು ಸ್ಪಷ್ಟ — ಡಿ, ಇ, ಎನ್, ವಿ. ಹಡಗಿನ ಮೂತಿ ದಕ್ಷಿಣಕ್ಕೆ, ಸಿಲೋನಿನ ಕಡೆ.

ಆರ್ಡನ್‌ವೇಲ್.

ಸರಕಿನ ಅಂಕಣದ ಮೇಲ್ಛಾವಣಿ ಕುಸಿದಿದೆ. ಒಳಗೆ ಹೋಗಲಿಲ್ಲ, ಹೊರಗಿನಿಂದ ಬೆಳಕು ಬಿಟ್ಟರು. ಕಬ್ಬಿಣದ ಮಂಚಗಳು, ಒಂದರ ಮೇಲೆ ಒಂದು. ಪಕ್ಕದಲ್ಲಿ ತಟ್ಟೆಗಳು, ಒಂದರೊಳಗೊಂದು ಜೋಡಿಸಿಟ್ಟದ್ದು ಹಾಗೇ. ಸರಕು ಮಾತ್ರ ಇದ್ದ ಹಡಗಿನಲ್ಲಿ ಅಷ್ಟು ತಟ್ಟೆ ಯಾರು ಉಣ್ಣಲು?

ಯಾರೂ ಏನೂ ಮುಟ್ಟಲಿಲ್ಲ.

ತಾಂಡೇಲ ಟೋಪಿ ತೆಗೆದು ನೀರಿನ ಕಡೆ ತಿರುಗಿ ನಿಂತ. ಇನ್ನು ಮೇಲೆ ಇಲ್ಲಿ ಬಲೆ ಬಿಡುವುದಿಲ್ಲ ಎಂದ.

ಏಪ್ರಿಲ್ 1, ಮಂಗಳವಾರ

ಕರಿಯಕ್ಕನ ಊರಿಗೆ ಹೋದೆವು, ಮೂವರೂ. ರಮಾ ಯುಗಾದಿಯ ಹೋಳಿಗೆ ಡಬ್ಬಿಗೆ ಹಾಕಿ ಕಳಿಸಿದ್ದಳು. ಕರಿಯಕ್ಕ ಅದನ್ನು ಪಕ್ಕಕ್ಕಿಟ್ಟು, ಮೊದಲು ತೋರಿಸು ಅಂದಳು.

ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅಕ್ಷರ ಓದಿ ಹೇಳಿದೆ. ಹಡಗು ಸಿಲೋನಿನ ದಾರಿಯಲ್ಲೇ ಇತ್ತು, ಚೀಟಿಯಲ್ಲಿ ಬರೆಸಿದ್ದು ನಿಜ ಅಂದೆ. ಅಳಲಿಲ್ಲ. ಎದ್ದು ಹೊರಗೆ ಹೋಗಿ ಓಣಿಯ ನಡುವೆ ನಿಂತಳು. ಜನ ಇದ್ದರು, ಕಟ್ಟೆಯ ಮೇಲೆ, ನಲ್ಲಿಯ ಹತ್ತಿರ. ಅಪ್ಪನ ಹೆಸರು ಹೇಳಿ, ಅವ್ವನ ಹೆಸರು ಹೇಳಿ, ನಡೆದದ್ದನ್ನು ಹೇಳಿದಳು. ಕೂಗಲಿಲ್ಲ. ಎಲ್ಲರಿಗೂ ಕೇಳಿಸಿತು. ಆಡಿಕೊಂಡವರು ಯಾರೂ ಈಗ ಬದುಕಿಲ್ಲ. ಆದರೂ ಪೂರ್ತಿ ಹೇಳಿ ಮುಗಿಸಿದಳು.

ಒಳಗೆ ಬಂದು ಅಂಜಿನೇಯಲುವನ್ನು ಕೇಳಿದಳು.

"ತಟ್ಟಿ ಎಷ್ಟಿದ್ದುವಪ್ಪಾ?"

ಎಣಿಸಲು ಹೊತ್ತಿರಲಿಲ್ಲ, ಅರವತ್ತರ ಮೇಲೆ ಇರಬಹುದು ಎಂದ.

"ಹಂಗಾದ್ರ ಅರವತ್ತು ಮನಿ ಅದಾವ. ಅವ್ರ ಹೇಣ್ತೇರಿಗೂ ಊರು ಅದ್ನೇ ಅಂದಿರತೈತಿ."

ಅಪ್ಪನ ಜೊತೆ ಹೋದವರಲ್ಲಿ ಮೂವರ ಹೆಸರು ಅವ್ವ ಹೇಳಿದ್ದಳಂತೆ, ಊರಿನ ಸಮೇತ. ಹಿರೇಹಡಗಲಿಯ ಸಣ್ಣ ಜಂಬಣ್ಣ. ಹಂಪಸಾಗರದ ದುರುಗಪ್ಪ. ಹರಪನಹಳ್ಳಿ ಕಡೆಯ ಒಬ್ಬ ಮೂಗಪ್ಪ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ. ಹಡಗೇ ಸಿಗದಿದ್ದರೆ ಆ ಮನೆಗಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಅಂದಳು.

ದಾಖಲೆಯ ಕಚೇರಿಗೆ ಪತ್ರ ಬರೆಯಬೇಕು. ಒಪ್ಪುವುದಿಲ್ಲ, ಗೊತ್ತು. ಒಪ್ಪುವವರೆಗೆ ಬರೆಯುತ್ತೇನೆ.

ಏಪ್ರಿಲ್ 5, ಶನಿವಾರ. ಹಿರೇಹಡಗಲಿ, ಬೆಳಿಗ್ಗೆ 9.40

ನಾಲ್ಕು ಕಡೆ ವಿಚಾರಿಸಿ ಸಣ್ಣ ಜಂಬಣ್ಣನ ಮನೆ ಸಿಕ್ಕಿತು. ನಾನು ಮಾತು ತೆಗೆಯುವ ಮೊದಲೇ ಕರಿಯಕ್ಕ ನನ್ನನ್ನು ದಾಟಿ ಬಾಗಿಲಿಗೆ ಹೋದಳು. ನಿಮ್ಮ ಮನೆಯಲ್ಲಿ ಯುದ್ಧದ ಕಾಲಕ್ಕೆ ಮುಂಬಯಿಗೆ ಹೋಗಿ ವಾಪಸು ಬರದ ಜಂಬಣ್ಣ ಅಂತ ಇದ್ದರೇನು ಎಂದು ಕೇಳಿದಳು. ಬಾಗಿಲು ತೆಗೆದ ಹೆಂಗಸು ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಒಳಗೆ ತಿರುಗಿ, ಅಜ್ಜೀ, ನಿಮ್ಮಪ್ಪನ ಸುದ್ದಿ ಬಂದೈತಿ ಎಂದು ಕರೆದಳು, ಎರಡು ಸಲ.

ಕಟ್ಟೆಯ ಮೇಲೆ ಕೂತು ಇಷ್ಟು ಬರೆದೆ. ಒಳಗೆ ಕೋಲು ಊರುವ ಸದ್ದು. ಕರಿಯಕ್ಕ ಎದ್ದು ನಿಂತಿದ್ದಾಳೆ. ಬಂದರು —