ಮೆಟ್ಟಿಲಿಗೆ ಮರಳಿದ ತೆಪ್ಪ

ನವೆಂಬರ್ 15, ಹುಣ್ಣಿಮೆ

ನನ್ನ ಆತುರಕ್ಕಿಷ್ಟು ಬೆಂಕಿ ಹಾಕ. ಉಬ್ಬರದ ನೀರು ಇಳಿಯುವ ಮುಂಚೆ ಹೂದೀಪದ ಕ್ರಥೋಂಗ್ ತೇಲಿಬಿಡಬಾರದೆಂದು ಈ ಮೇಕ್ಲೋಂಗ್ ನದಿಯ ದಂಡೆಯಲ್ಲಿ ಮಕ್ಕಳಿಗೂ ಗೊತ್ತು. ಆದರೆ ಗಂಡ ತಾವಿಲ್ ಸ್ನಾನ ಮುಗಿಸಿ ಬರುವುದರೊಳಗೆ ಬಿಡಬೇಕಿತ್ತು. ಮಧ್ಯಾಹ್ನ ಅವರು ಮಲಗಿದ್ದಾಗ ಕತ್ತರಿಸಿದ ಅವರ ಉಗುರುಗಳನ್ನು ಚೆಂಡುಹೂಗಳಡಿ ಅಡಗಿಸಿದ್ದೆ. ಉಗುರಿನ ಜೊತೆಗೇ ಇವರ ಕಾಯಿಲೆಯನ್ನೂ ಕೊಂಡೊಯ್ಯಿ ತಾಯಿ ಎಂದು ಗಂಗಮ್ಮನನ್ನು ಬೇಡಿ, ಬಾಳೆದಿಂಡಿನ ಆ ಪುಟ್ಟ ತೆಪ್ಪವನ್ನು ನೀರಿಗಿಟ್ಟೆ.

ಅರ್ಧ ಗಂಟೆಯಲ್ಲಿ ಉಬ್ಬರದ ನೀರು ಅದನ್ನು ನಮ್ಮ ಮೆಟ್ಟಿಲಿಗೇ ತಂದು ಒತ್ತಿತು.

"ನಮ್ಮದೇ ಕಣೇ! ಗಂಗಮ್ಮನಿಗೂ ನಿನ್ನ ಕೈಕೆಲಸ ಹಿಡಿಸ್ಲಿಲ್ಲ ನೋಡು," ಎಂದು ನಗುತ್ತ ಎತ್ತಿಕೊಂಡರು ತಾವಿಲ್. ಆರಿದ ಮೇಣದಬತ್ತಿಯನ್ನು ನೆಟ್ಟಗೆ ಮಾಡಲು ಹೂ ಸರಿಸಿದವರು ಅಡಿಯಲ್ಲಿದ್ದುದನ್ನು ಬೆರಳಲ್ಲಿ ಎತ್ತಿ ಹಿಡಿದರು. ಉಳಿ ತಗುಲಿ ಸೀಳಿದ್ದ ಹೆಬ್ಬೆರಳಿನ ಉಗುರು. ದೋಣಿ ಕಟ್ಟುವವರಿಗೆ ತಮ್ಮ ಉಗುರು ಗುರುತು ಸಿಗದಿರುತ್ತದೆಯೇ?

"ಡಾಕ್ಟರು ಬರೀ ಗ್ಯಾಸ್ಟ್ರಿಕ್ ಅಂದ್ರು ಅಂದಿದ್ದೆಯಲ್ಲೇ?"

ನಾನು ಉದುರಿದ ಚೆಂಡುಹೂಗಳನ್ನು ಒಂದೊಂದಾಗಿ ಹೆಕ್ಕತೊಡಗಿದೆ.

"ನೀರು ಇಳಿಯೋದು ಎಷ್ಟೊತ್ತಿಗೆ?"

"ಹತ್ತಕ್ಕೆ."

"ಸರಿ. ಅಷ್ಟರೊಳಗೆ ನಿಜ ಹೇಳು."

ಈಗ ಒಂಬತ್ತೂಮುಕ್ಕಾಲು. ಅವರು ತೆಪ್ಪವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆಯೇ ಕೂತಿದ್ದಾರೆ. ಬೆಂಕಿಪೊಟ್ಟಣ ತರುತ್ತೇನೆಂದು ಒಳಗೆ ಬಂದವಳು ನಾನು, ಇದನ್ನು ಬರೆಯುತ್ತ ಕೂತಿದ್ದೇನೆ.